ಕುವೈತಿನಿಂದ ಬಂದ ಆಟದ ಪೆಟ್ಟಿಗೆ

ಪರದೇಶಕ್ಕೆ ದುಡಿಯಲು ಹೋದ ನಮ್ಮ ಇಳಕಲ್ಲಿನ ಹುಡುಗರಿಗೆ ಆಗ ಒಂದು ಚಟವಿತ್ತು, ರೊಕ್ಕದ ಬದಲು ಸಾಮಾನು ಕಳಿಸುವುದು. ಗಡಿಯಾರ, ಟೇಪ್ ರೆಕಾರ್ಡರ್, ಕಂಬಳಿ, ಏನಾದರೊಂದನ್ನು ರಜೆಗೆ ಬರುವವರ ಕೈಯಲ್ಲಿ ಕೊಟ್ಟು ಕಳಿಸಿದರೆ ಇಲ್ಲಿ ಮಾರಿ ಒಂದಕ್ಕೆರಡು ಮಾಡಿಕೊಳ್ಳುತ್ತಾರೆಂಬ ಲೆಕ್ಕ. ಗಡಿಯಾರದ ಮಟ್ಟಿಗೆ ಆ ಲೆಕ್ಕ ಸರಿಯೇ. ಆದರೆ ಮುರ್ತುಜಸಾಬನ ಮಗ ಜಲಾಲುದ್ದೀನ ಕುವೈತಿನಿಂದ ಕಳಿಸಿದ್ದು ವಿಡಿಯೋ ಗೇಮು.

ಮುರ್ತುಜಸಾಬ ಸೀರೆ ನೇಯುವವನು, ನನ್ನ ಚಡ್ಡಿ ದೋಸ್ತ. ನನ್ನದು ರೇಡಿಯೋ ರಿಪೇರಿ ಅಂಗಡಿ. ಅವನು ಆ ಪೆಟ್ಟಿಗೆಯನ್ನು ತಂದು ನನ್ನ ಮೇಜಿನ ಮೇಲಿಟ್ಟ. ಒಳಗೆ ಒಂದು ಕಪ್ಪು ಯಂತ್ರ, ಎರಡು ಹಿಡಿಕೆ, ಒಂದಿಷ್ಟು ವೈರು. ಟೀವಿಗೆ ಸಿಕ್ಕಿಸಿದರೆ ಪರದೆಯ ಮೇಲೆ ವಿಮಾನ ಬರುತ್ತದೆ, ಹಿಡಿಕೆ ಒತ್ತಿ ಗುಂಡು ಹಾರಿಸಬೇಕು. ಅಷ್ಟೇ.

"ಅಮಸಿದ್ದಾ, ಇದನ್ನ ಯಾರು ತಗೋತಾರೋ? ರೊಕ್ಕ ಈಗಿಂದೀಗ ಬೇಕು."

ಯಾಕೆ ಬೇಕೆಂದು ನಾನು ಕೇಳಬೇಕಿರಲಿಲ್ಲ. ಅವನ ಹೆಂಡತಿ ರಂಜಾನಬಿಯ ಗಂಟಲೊಳಗೆ ಗಂಟು ಎದ್ದಿತ್ತು. ಮಿರಜಿಗೆ ಒಯ್ದು ಆಪರೇಶನ್ ಮಾಡಿಸಿ, ತಡ ಮಾಡಬೇಡಿ ಎಂದು ಹುನಗುಂದದ ಡಾಕ್ಟರು ಹೇಳಿಯಾಗಿತ್ತು. ಮಗನಿಗೆ ಮಾತ್ರ 'ಅಮ್ಮಗ ಸ್ವಲ್ಪ ಗಂಟಲ ಬ್ಯಾನಿ' ಎಂದಷ್ಟೇ ತಿಳಿಸಿದ್ದರು. ಸ್ವಲ್ಪ ಬ್ಯಾನಿಗೆ ಸ್ವಲ್ಪ ಸಾಮಾನು ಬಂದಿತ್ತು.

ಟೀವಿ ಇರುವ ಮನೆಗಳೇ ನಮ್ಮಲ್ಲಿ ಬೆರಳೆಣಿಕೆ. ಕುರುಡರ ಸಂತೆಯಲ್ಲಿ ಕನ್ನಡಿ ಮಾರಿದ ಹಾಗೆ ಇಬ್ಬರೂ ತಿರುಗಿದೆವು. ಕೆಂಪು ಕಲ್ಲಿನ ಗಣಿಯ ಮಾಲಕರೊಬ್ಬರು "ನಡೀತದೋ ಇಲ್ಲೋ ನೋಡೂಣು, ಬಿಟ್ಟು ಹೋಗ್ರಿ" ಎಂದರು. ಒಂದು ವಾರ ಮನೆಮಂದಿಯೆಲ್ಲ ಆಡಿ, ಮಕ್ಕಳು ಓದುವುದಿಲ್ಲ ಎಂದು ವಾಪಸು ಕೊಟ್ಟರು. ಹುನಗುಂದದಲ್ಲೂ ಅದೇ ಕತೆ.

ಬಾಗಲಕೋಟೆಯ ಹತ್ತಿ ವ್ಯಾಪಾರಿ ರಾಚಪ್ಪನವರ ಮನೆಯಲ್ಲಿ ಬಣ್ಣದ ಟೀವಿ. ನಮ್ಮನ್ನು ಪಡಸಾಲೆಯಲ್ಲಿ ಕೂಡಿಸಿ ಚಹಾ ಕೊಟ್ಟರು. ಒಳಗೆ ಅವರ ಮಕ್ಕಳು, ಅಳಿಯ, ಆಜೂಬಾಜೂದ ಮಂದಿ ಸೇರಿ ಸಂಜೆಯವರೆಗೆ ವಿಮಾನ ಉರುಳಿಸಿದರು. ಹಿಡಿಕೆ ಲಟಲಟ ಅನ್ನುವುದು ಹೊರಗೇ ಕೇಳಿಸುತ್ತಿತ್ತು. ಪ್ರತಿ ಸದ್ದಿಗೂ ಮುರ್ತುಜಾ ಬೆಚ್ಚುತ್ತಿದ್ದ. ಕಡೆಗೆ ಸಾಹುಕಾರರು ಹೊರಬಂದರು.

"ಆಟ ಚಲೋ ಐತಿ. ಆದ್ರ ಒಂದು ಹಿಡಿಕಿ ಸಡ್ಲ ಆಗೇತಲ್ರಿ. ಹಳೇ ಮಾಲು. ನಮಗ ಬ್ಯಾಡ."

"ಸಡ್ಲ ಮಾಡಿದವರು ಯಾರ್ರಿ?" ಎಂದು ನಾನು ಎದ್ದು ನಿಂತೆ. "ಮುಂಜಾನೆ ತಂದಾಗ ಗಟ್ಟಿ ಇದ್ದಿಲ್ಲೇನ್ರಿ?"

ಮುರ್ತುಜಾ ನನ್ನ ಅಂಗಿ ಹಿಡಿದು ಎಳೆದ. ಬಡವನ ಕೋಪ ದವಡೆಗೆ ಮೂಲ ಎನ್ನುತ್ತಾರೆ, ನನಗೆ ಆ ಗಾದೆ ಕಂಡರಾಗದು. ಆದರೆ ಅವತ್ತು ಬಾಯಿ ಮುಚ್ಚಿಕೊಂಡೇ ಬಸ್ ಸ್ಟ್ಯಾಂಡಿಗೆ ಬಂದೆ.

ಬದಾಮಿಯಲ್ಲಿ ಗುಹೆ ನೋಡಲು ಬರುವವರಿಗಾಗಿ ಲಾಜು ಇಟ್ಟಿದ್ದ ಗಾಳೆಪ್ಪ ಎಂಬವನು ಕೊನೆಗೆ ಅದನ್ನು ತೆಗೆದುಕೊಂಡ. ಅವನು ಕೊಟ್ಟದ್ದು ಒಂದು ಒಳ್ಳೆಯ ಇಳಕಲ್ ಸೀರೆಯ ಬೆಲೆಯೂ ಅಲ್ಲ. ಆ ರೊಕ್ಕದಲ್ಲಿ ಗಂಡ ಹೆಂಡತಿ ಮಿರಜಿಗೆ ಹೋದರು, ತಪಾಸಣೆ ಮಾಡಿಸಿದರು. ಗಂಟು ಇನ್ನೂ ಕೈಮೀರಿಲ್ಲ, ಬೇಗ ಆಪರೇಶನ್ ಆದರೆ ಜೀವಕ್ಕೆ ಭಯವಿಲ್ಲ ಎಂದರಂತೆ ಅಲ್ಲಿಯ ಡಾಕ್ಟರು. ಆಪರೇಶನ್ ಮಾಡಿಸಲು ಕೈಯಲ್ಲಿ ಏನೂ ಉಳಿದಿರಲಿಲ್ಲ. ತಿರುಗಿ ಬಂದರು.

ಮಗನಿಗೆ ತಿಳಿಸಬೇಕಾಯಿತು. ಆಗೆಲ್ಲ ಪರದೇಶಕ್ಕೆ ಪತ್ರಕ್ಕಿಂತ ಮಾತು ತುಂಬಿದ ಕ್ಯಾಸೆಟ್ಟೇ ಹೆಚ್ಚು ಹೋಗುತ್ತಿತ್ತು. ನನ್ನ ಅಂಗಡಿಯಲ್ಲಿ ಬಾಗಿಲು ಹಾಕಿಕೊಂಡು ಟೇಪ್ ರೆಕಾರ್ಡರಿನ ಮುಂದೆ ಕೂತು ಮನೆಯವರೆಲ್ಲ ಮಾತಾಡುವುದು. ಅದಕ್ಕೊಂದು ರಿವಾಜು. ಕ್ಯಾಸೆಟ್ಟಿನೊಳಗೆ ಯಾರೂ ಅಳಬಾರದು, ಕೆಟ್ಟ ಸುದ್ದಿ ಹೇಳಬಾರದು. ಅಳು ಬಂದರೆ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಅಳಿಸಿ, ಮತ್ತೆ ಮಾತಾಡಬೇಕು. ಊರಿಗೆ ಊರೇ ಪಾಲಿಸುತ್ತಿದ್ದ ಆ ರಿವಾಜಿಗೆ ಬೆಂಕಿ ಬೀಳಲಿ ಎಂದು ನಾನು ಆಗಲೇ ಬೈದಿದ್ದೆ.

"ಖರೆ ಹೇಳ್ಲೇ," ಎಂದೆ. "ಗಂಟು ಐತಿ, ಆಪರೇಶನ್ ಆಗಬೇಕು, ಇದ್ದಬದ್ದ ರೊಕ್ಕ ಕಳಿಸು ಅನ್ನು."

ಉತ್ತರ ಕೊಟ್ಟವಳು ರಂಜಾನಬಿ. "ಬ್ಯಾಡಣ್ಣಾ. ಅಂವ ಅಲ್ಲಿ ಒಬ್ಬನ ಅದಾನ. ಕೇಳಿದ್ರ ಕೆಲಸ ಬಿಟ್ಟು ಓಡಿ ಬರ್ತಾನ. ಕೂಸಿನ ಎದಿ ಒಡೀತೈತಿ."

ಮುರ್ತುಜಾ ಗಂಟಲು ಸರಿಮಾಡಿಕೊಂಡು ಶುರುಮಾಡಿದ. "ಬೇಟಾ ಜಲಾಲು, ನೀ ಕಳಿಸಿದ ಆಟದ ಪೆಟಿಗಿ ಭಾಳ ಚಲೋ ರೇಟಿಗೆ ಹೋತು. ಮಂದಿ ನಾ ಮುಂದ ತಾ ಮುಂದ ಅಂತ ಬಂದ್ರು. ಅಮ್ಮಗ ಔಷಧ ನಡದೈತಿ. ಇನ್ನೊಂದೀಟು ಅನುಕೂಲ ಮಾಡಿ ಕಳಿಸಿದ್ರ ಪೂರಾ ಆರಾಮ ಆಕ್ಕಾಳ."

ಮಗ ಕಳಿಸಿದ ವಸ್ತು ಒಳ್ಳೆ ಬೆಲೆಗೆ ಬಿಕರಿಯಾಗಲಿಲ್ಲ ಎಂದರೆ ಅವನು ನೊಂದುಕೊಂಡಾನು ಎಂಬುದಷ್ಟೇ ಇವನ ತಲೆಯಲ್ಲಿ. ನಾನು ಹಲ್ಲು ಕಚ್ಚಿಕೊಂಡು ಗುಂಡಿ ಒತ್ತುತ್ತಿದ್ದೆ. ರಂಜಾನಬಿಗೆ ಮಾತಿನ ನಡುವೆ ಕೆಮ್ಮು ಬಂದದ್ದನ್ನು ಅವಳೇ ಅಳಿಸಲು ಹೇಳಿದಳು.

ಆಮೇಲೆ ಕಾಯುವುದೇ ಕೆಲಸವಾಯಿತು. ರಂಜಾನಬಿಯ ಊಟದಲ್ಲಿ ರೊಟ್ಟಿ ಹೋಗಿ ಗಂಜಿ ಬಂತು, ಗಂಜಿ ಹೋಗಿ ನೀರು. ಮುರ್ತುಜಾ ದಿನಾ ಪೋಸ್ಟಾಫೀಸಿಗೆ ಹೋಗಿ ಕುವೈತಿನ ಡ್ರಾಫ್ಟು ಬಂತೇ ಎಂದು ಕೇಳುವನು. ಡ್ರಾಫ್ಟು ಬರಲಿಲ್ಲ. ಹುನಗುಂದದ ಅಬ್ದುಲಸಾಬ ರಜೆಯ ಮೇಲೆ ಕುವೈತಿನಿಂದ ಬಂದ. ಜಲಾಲುದ್ದೀನ ಕೊಟ್ಟ ಸಾಮಾನಿನ ಗಂಟನ್ನೂ ಒಂದು ಕ್ಯಾಸೆಟ್ಟನ್ನೂ ನನ್ನ ಅಂಗಡಿಗೇ ತಂದಿಳಿಸಿದ. ಸುದ್ದಿ ಕೇಳಿ ಮುರ್ತುಜಾ ಹೆಂಡತಿಯನ್ನು ತೋಳು ಹಿಡಿದು ನಡೆಸಿಕೊಂಡು ಬಂದ. ಅವಳಿಗೂ ಮಗನ ದನಿ ಕೇಳುವ ಆಸೆ.

ನಾನು ಕ್ಯಾಸೆಟ್ಟು ಹಾಕಿದೆ.

"ಅಬ್ಬಾಜಾನ್, ನಿಮ್ಮ ಮಾತು ಕೇಳಿ ಭಾಳ ಖುಷಿ ಆತು. ಒಂದಕ್ಕ ಅಷ್ಟು ಬಂತಂದ್ರ ಎರಡಕ್ಕ ಎಷ್ಟು ಬರಬೇಕು! ಡ್ರಾಫ್ಟ್ ಮಾಡ್ಸಾಕ ಇಟ್ಟಿದ್ದ ರೊಕ್ಕಾನೂ ಹಾಕಿ, ಮ್ಯಾಲೆ ಒಂದೀಟು ಕೈಗಡ ತಗೊಂಡು, ಎರಡು ಗೇಮ್ ಕಳಿಸೀನಿ. ಹೊಸಾ ನಮೂನಿ. ಮಾರಿ ಅಮ್ಮನ್ನ ದೊಡ್ಡ ದವಾಖಾನಿಗೆ ತೋರಸ್ರಿ. ಅಮ್ಮಾ, ನಿನ್ನ ದನಿ ಯಾಕೋ ಸಣ್ಣ ಆಗೇತಿ. ಬಿಸಿ ನೀರು ಕುಡಿ."

ಗಂಟು ಬಿಚ್ಚಿದರೆ ಎರಡು ಪೆಟ್ಟಿಗೆ, ಬಣ್ಣದ ಚಿತ್ರ ಹೊತ್ತು ಹೊಳೆಯುತ್ತಿದ್ದವು. ಎರಡನ್ನೂ ಎತ್ತಿ ಗಟಾರಕ್ಕೆ ಬಡಿಯಬೇಕೆನಿಸಿತು ನನಗೆ. ಸಿಟ್ಟು ಯಾರ ಮೇಲೆ? ಆ ಹುಡುಗ ಮಾಡಿದ ತಪ್ಪಾದರೂ ಏನು? ತಂದೆಯ ಮಾತು ನಂಬಿದ್ದ. ಮುರ್ತುಜಾ ಪೆಟ್ಟಿಗೆಗಳತ್ತ ನೋಡಲಾರದೆ ಗೋಡೆಗೆ ಮುಖ ಮಾಡಿ ನಿಂತಿದ್ದ. ಅವನ ಬೆನ್ನು ನಡುಗುತ್ತಿತ್ತು. ನನಗೂ ಅಳು ಬಂತು.

ರಂಜಾನಬಿ ಮಾತ್ರ ಅಳಲಿಲ್ಲ. ಪೆಟ್ಟಿಗೆಯ ಮೇಲೆ ಕೈಯಾಡಿಸಿದಳು, ಸೆರಗಿನಿಂದ ಧೂಳು ಒರೆಸಿದಳು. ಆಮೇಲೆ ನನ್ನತ್ತ ತಿರುಗಿ, ರೆಕಾರ್ಡಿನ ಗುಂಡಿ ಒತ್ತು ಎಂದು ಸನ್ನೆ ಮಾಡಿದಳು. ಹೊಸ ಕ್ಯಾಸೆಟ್ಟು ಹಾಕಿ ಒತ್ತಿದೆ. ಅಷ್ಟು ದಿನ ಪಿಸುಗುಟ್ಟುತ್ತಿದ್ದವಳು ಎಲ್ಲಿಂದ ದನಿ ತಂದಳೋ.

"ಬೇಟಾ, ಎರಡೂ ಹೋದುವು. ಭಾಳ ಚಲೋ ರೊಕ್ಕ ಬಂತು. ಮಿರಜಿನ್ಯಾಗ ಆಪರೇಶನ್ ಆತು. ಗಂಟಲಾ ಕೊಯ್ದಾರಲ್ಲ, ಅದಕ್ಕ ದನಿ ಹಿಂಗ. ನಾ ಆರಾಮ ಅದೀನಿ. ಇನ್ನ ಏನೂ ಕಳಸಬ್ಯಾಡ, ನೀ ಹೊಟ್ಟಿತುಂಬ ಉಣ್ಣು."

ಅದರಲ್ಲಿ ಅಳಿಸಬೇಕಾದದ್ದು ಏನೂ ಇರಲಿಲ್ಲ.

ಅಬ್ದುಲಸಾಬ ಆ ಕ್ಯಾಸೆಟ್ಟು ಹಿಡಿದು ಕುವೈತಿಗೆ ತಿರುಗಿ ಹೋದ ವಾರವೇ ರಂಜಾನಬಿಯನ್ನು ಮಣ್ಣು ಮಾಡಿ ಬಂದೆವು. ತಂತಿ ಕೊಡೋಣ ಎಂದರೆ ಮುರ್ತುಜಾ ಒಪ್ಪಲಿಲ್ಲ. ಅತ್ತ ಜಲಾಲುದ್ದೀನ ಕ್ಯಾಸೆಟ್ಟು ಕೇಳಿ, ಅಮ್ಮ ಗುಣವಾದಳೆಂದು ರೂಮಿನವರಿಗೆಲ್ಲ ಮಿಠಾಯಿ ಹಂಚಿದನಂತೆ.