ಇಪ್ಪತ್ತೈದನೇ ನಿಮಿಷದ ವಿಮಾನ

ಮೊದಲ ಸಂಬಳ ಬಂದಾಗ ಮಗಳು ವರ್ಷಾ ಅವಳಮ್ಮನಿಗೆ ಏನು ಬೇಕೆಂದು ಕೇಳಿದಳು. ಸೀರೆ ಕೇಳುತ್ತಾಳೆ ಅಂದುಕೊಂಡಿದ್ದೆ. ನನ್ನ ಹೆಂಡತಿ ಲಕ್ಕಮ್ಮ ಕೇಳಿದ್ದೇ ಬೇರೆ. "ನಮ್ಮೊಲದ ಮೇಲೆ ದಿನಾ ಓಯ್ತದಲ್ಲ ಇಮಾನ, ಅದ್ರಲ್ಲಿ ಕುಂತ್ಕಂಡು ನಮ್ಮೊಲ ನೋಡ್ಬೇಕು ಕಣವ್ವ."

ಆ ವಿಮಾನ ಬೆಂಗಳೂರಿನಿಂದ ಮಂಗಳೂರಿಗೆ ಹೋಗುವುದಂತೆ. ನಮ್ಮ ಕೊರವಂಗಲದಿಂದ ಮಂಗಳೂರಿಗೆ ಬಸ್ಸಿದೆ. ಅದನ್ನು ಬಿಟ್ಟು ಇವರು ಹಿಂದಕ್ಕೆ ಬೆಂಗಳೂರಿಗೆ ಹೋಗಿ, ಅಲ್ಲಿಂದ ನಮ್ಮ ತಲೆಯ ಮೇಲೇ ಹಾರಿಕೊಂಡು ಮಂಗಳೂರಿಗೆ ಹೋಗುವುದು! ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗಾಯಿತು ಎಂದು ಕೂಗಾಡಿದೆ. ಒಳಗೊಳಗೆ ನನಗೂ ಹುಚ್ಚು ಹಿಡಿದಿತ್ತು.

ಆದರೆ ಅಷ್ಟೆತ್ತರದಿಂದ ನಮ್ಮ ಹೊಲ ಯಾವುದೆಂದು ಅವಳಿಗೆ ಗೊತ್ತಾಗಬೇಕಲ್ಲ? ರಾಗಿ ಒಣಗಿಸುವ ನೀಲಿ ಟಾರ್ಪಾಲುಗಳನ್ನು ಊರೆಲ್ಲ ಬೇಡಿ ತಂದೆ. ಹನ್ನೊಂದು ಸಿಕ್ಕವು. ಕೊಯ್ಲಾದ ಹೊಲದಲ್ಲಿ ಒಂದಕ್ಕೊಂದು ತಾಗಿಸಿ ಹಾಸಿ, ಮೂಲೆಗಳಿಗೆ ಕಲ್ಲಿಟ್ಟೆ. ತಾಯಿ ಮಗಳು ಹಿಂದಿನ ದಿನವೇ ಬೆಂಗಳೂರು ಸೇರಿದ್ದರು.

ಟಿಕೆಟ್ಟಿನಲ್ಲಿ ಒಂದು ಗಂಟೆ ಐದು ನಿಮಿಷದ ಪ್ರಯಾಣ, ಒಂಬತ್ತು ನಲವತ್ತಕ್ಕೆ ಹೊರಡುವುದು ಎಂದಿತ್ತು. ಅರ್ಧ ದಾರಿಗೆ ನಾವು. ಹತ್ತು ಹನ್ನೆರಡಕ್ಕೆ ಸರಿಯಾಗಿ ಒಂದು ವಿಮಾನ ಬಂದೇ ಬಂತು. ತೋಳು ಬಿದ್ದುಹೋಗುವ ಹಾಗೆ ಟವೆಲ್ಲು ಬೀಸಿದೆ. ಆಗ ಫೋನು ಬಂತು.

"ಅಪ್ಪಾ, ನಾವಿನ್ನೂ ಹತ್ತೇ ಇಲ್ಲ. ಲೇಟು."

"ಅಂಗಾದ್ರೆ ಈಗ ತಲೆ ಮೇಲೆ ಆರ್ಕಂಡು ಓದೋರು ಯಾರವ್ವ?"

"ಯಾರೋ! ಟಿಕೆಟ್ಟಿನ ಟೈಮು ನಂಬಬೇಡ, ನೆಲದಲ್ಲಿ ಓಡೋದೂ ಅದ್ರಲ್ಲೇ ಸೇರಿರ್ತದೆ. ಎರಡು ಏರ್‌ಪೋರ್ಟಿನ ನಡುವೆ ಗಾಳೀಲಿ ಮುನ್ನೂರು ಕಿಲೋಮೀಟ್ರು. ಮೇಲೆದ್ರೆ ಮುಕ್ಕಾಲು ಗಂಟೆ ಅಷ್ಟೆ. ಇಪ್ಪತ್ತೈದನೇ ನಿಮಿಷಕ್ಕೆ ನಿನ್ ತಲೆ ಮೇಲಿರ್ತೀವಿ. ವಿಮಾನದ ಬಾಗಿಲು ಹಾಕುವಾಗ ಮಿಸ್ ಕಾಲ್ ಕೊಡ್ತೀನಿ, ಅಲ್ಲಿಂದ ಆ ಇಪ್ಪತ್ತೈದಕ್ಕೆ ಇನ್ನೊಂದು ಹದಿನೈದು ನಿಮಿಷ ಸೇರಿಸ್ಕೊ."

ಅಷ್ಟರಲ್ಲಿ ಪಕ್ಕದ ಹೊಲದ ಶಿವಯ್ಯ ತನ್ನ ಟಾರ್ಪಾಲು ಸುತ್ತಲು ಶುರುಮಾಡಿದ್ದ. "ರಾಗಿ ಅರಡ್ಬೇಕು ಕಣ್ಲಾ ಕಾಳಯ್ಯ."

"ಮುಟ್ಟುದ್ರೆ ಕೈ ಮುರ್ದೇನು!" ಎಂದು ಅದರ ಮೇಲೇ ಕುಳಿತುಬಿಟ್ಟೆ. ಅವನು ನನ್ನ ವಂಶವನ್ನೆಲ್ಲ ಬೈದ. ಬೈದವನು ಮನೆಗೆ ಹೋಗಲಿಲ್ಲ, ಕಣ್ಣಿಗೆ ಕೈ ಅಡ್ಡ ಹಿಡಿದು ಆಕಾಶ ನೋಡುತ್ತ ನಿಂತ.

ಹನ್ನೊಂದಕ್ಕೆ ಮಿಸ್ ಕಾಲ್ ಬಂತು. ಹನ್ನೊಂದೂ ಮೂವತ್ತೈದಕ್ಕೆ ಎಲ್ಲಿತ್ತೋ ಒಂದು ಮೋಡ! ಇಡೀ ಆಕಾಶ ಬಿಟ್ಟು ನನ್ನ ಹೊಲದ ಮೇಲೇ ಬರಬೇಕೆ? ಬಾಯಿಗೆ ಬಂದ ಹಾಗೆ ಮೋಡವನ್ನು ಬೈದೆ. ಶಿವಯ್ಯನೂ ದನಿಗೂಡಿಸಿದ. ಮೋಡ ಜರುಗಿತು, ಮೂಡಲಿಂದ ಗುಂಯ್ ಎನ್ನುವ ಸದ್ದು ಬಂತು.

"ಬಂದ್ಳು ಕಣ್ಲಾ!" ಎಂದು ಕೂಗಿಕೊಂಡೆ. ಇಬ್ಬರೂ ಟವೆಲ್ಲು ಬೀಸುತ್ತ ಹೊಲದ ತುದಿಯವರೆಗೂ ಓಡಿದೆವು. ಇರುವೆ ಗಾತ್ರದ ವಿಮಾನ ಪಡುವಲಿಗೆ ಹೋಗಿ ಕರಗಿತು.

ಆಮೇಲಿನ ಅರ್ಧ ಗಂಟೆ ಹೇಗೆ ಕಳೆದೆನೋ ನನಗೇ ಗೊತ್ತು. ಫೋನು ಬಡಿದುಕೊಂಡದ್ದೇ ಎತ್ತಿದೆ.

"ಕಂಡ್ತು ಕಣ್ರೀ!" ಲಕ್ಕಮ್ಮ ಕಿರುಚುತ್ತಿದ್ದಳು. "ಕೆರೆ ಪಕ್ಕದಲ್ಲಿ ನೀಲಿ, ಉಗುರಿನಷ್ಟಗಲ! ನಮ್ಮೊಲ, ನಮ್ಮೊಲ ಅಂತ ಕೂಗ್ಬುಟ್ಟೆ, ಇಮಾನದೋರೆಲ್ಲ ತಿರುಗಿ ನೋಡುದ್ರು!"

ನನಗೆ ಕಣ್ಣು ತುಂಬಿ ಬಂತು. ಶಿವಯ್ಯನಿಗೆ ಕಾಣಬಾರದೆಂದು ಆ ಕಡೆ ತಿರುಗಿದೆ.

"ನಾನೂ ಕೈ ಬೀಸ್ದೆ ಕಣ್ರೀ. ನಿಮಗೆ ಕಾಣ್ತಾ?"

"ಕಾಣ್ದೆ ಏನು? ಬಳೆ ಸಮೇತ ಕಾಣ್ತು ಕಣೇ" ಎಂದೆ.