ಯಾವ ಅಕ್ಕಿ ಬೇಕು?

ಅರವತ್ತೈದನೇ ಇಸವಿಯಲ್ಲಿಯೂ ನಮ್ಮೂರಿನ ಸೊಸೈಟಿಗೆ ರೇಷನ್ನಿನ ಬೆಳ್ತಿಗೆ ಅಕ್ಕಿಯೇ ಬಂತು. ಮೂರು ಹೊತ್ತೂ ಕುಚ್ಚಲಕ್ಕಿಯ ಗಂಜಿ ಉಣ್ಣುವವರಿಗೆ ಬಿಳಿ ಅಕ್ಕಿ! ಉಂಡು ಗದ್ದೆಗಿಳಿದರೆ ಗಳಿಗೆಯಲ್ಲೇ ಮತ್ತೆ ಹಸಿವು.

ಸೊಸೈಟಿಯ ಕಾರ್ಯದರ್ಶಿ ನನ್ನ ಗಂಡನ ಅಣ್ಣ ರುಕ್ಮಯ್ಯ. "ಯೋಜನೆ ಮಾಡಿದವರು ಓದಿದವರು, ದಮಯಂತಿ. ಒಬ್ಬೊಬ್ಬರಿಗೆ ಎಷ್ಟು ಬೇಕು ಅಂತ ಲೆಕ್ಕ ಹಾಕಿಯೇ ಕಳಿಸ್ತಾರೆ" ಎಂದರು.

"ಎಷ್ಟು ಅಂತ ಲೆಕ್ಕ ಹಾಕಿದ್ರು ಭಾವ. ಯಾವುದು ಬೇಕು ಅಂತ ಯಾರನ್ನು ಕೇಳಿದ್ರು?"

ನಾನು ಸುಮ್ಮನೆ ಕೂರುವವಳಲ್ಲ. ನಮ್ಮ ಗದ್ದೆಯ ಭತ್ತವನ್ನು ಹಂಡೆಯಲ್ಲಿ ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಕುಟ್ಟಿ, ಮೂಡುಬಿದಿರೆಯ ಸಂತೆಗೆ ಹೊತ್ತೆ. ಮಧ್ಯಾಹ್ನದೊಳಗೆ ಬುಟ್ಟಿ ಖಾಲಿ.

ಮುಂದಿನ ಸಂತೆಗೆ ನನ್ನನ್ನು ನೋಡಿ ನಮ್ಮೂರಿನ ಅಮ್ಮಣ್ಣಿಯೂ ಪಕ್ಕದಲ್ಲೇ ಕುಚ್ಚಲಕ್ಕಿಯ ಬುಟ್ಟಿ ಇಟ್ಟಳು. ನನಗೆ ಮೈಯೆಲ್ಲ ಉರಿಯಿತು. ಆದರೆ ಅವಳ ಅಕ್ಕಿಯಲ್ಲಿ ಒಂದು ಕಲ್ಲೂ ಇರಲಿಲ್ಲ. ಆ ವಾರವಿಡೀ ಕೂತು ನಾನೂ ಕಲ್ಲು ಆರಿಸಿದೆ.

ಮಳೆಗಾಲಕ್ಕೆ ಮುಂಚೆ ಒಂದು ದಿನ ಭಾವನೇ ಖಾಲಿ ಚೀಲ ಹಿಡಿದುಕೊಂಡು ಸಂತೆಗೆ ಬಂದು ನನ್ನ ಮುಂದೆ ನಿಂತರು.

"ಮನೆಯಲ್ಲಿ ಬೆಳ್ತಿಗೆ ಯಾರೂ ಉಣ್ಣುವುದಿಲ್ಲ ಮಾರಾಯ್ತಿ."

ಅಳೆಯಲು ಎತ್ತಿದ ಸೇರನ್ನು ನಾನು ಕೆಳಗಿಟ್ಟೆ.

"ಅಮ್ಮಣ್ಣಿಯ ಅಕ್ಕಿಯನ್ನೂ ನೋಡಿ ಬನ್ನಿ ಭಾವ. ಅದು ಒಳ್ಳೇದಿದ್ದರೆ ಅಲ್ಲೇ ತಗೊಳ್ಳಿ. ನಿಮ್ಮ ಸೊಸೈಟಿಯ ಬಾಗಿಲಲ್ಲಿ ಈ ಮಾತು ನಮಗೆ ಯಾರಾದರೂ ಹೇಳಿದ್ದುಂಟಾ?"