ಹಿಂದಕ್ಕೆ ನಡೆಯುವ ರಾಮಾಂಜಿನಪ್ಪ

ಕಾಡುಗೋಡಿಯ ಬೀದಿಯಲ್ಲಿ ಹಿಂದಕ್ಕೆ ನಡೆಯಬಲ್ಲವನು ಅವನೊಬ್ಬನೇ. ಒಂದೆರಡು ಹೆಜ್ಜೆಯ ಮಾತಲ್ಲ. ರೈಲ್ವೆ ಸ್ಟೇಷನ್ನಿನ ತಿರುವಿನಿಂದ ನಮ್ಮ ಮನೆಯ ಗೇಟಿನವರೆಗೆ, ನೀರಿನ ಟ್ಯಾಂಕರು, ಕಂಪನಿಯ ಕ್ಯಾಬು, ತಳ್ಳುಗಾಡಿ, ಮಲಗಿದ ನಾಯಿ ಎಲ್ಲವನ್ನೂ ಬೆನ್ನಿನಿಂದಲೇ ಅರಿತು, ಜೊತೆಗೆ ಬರುತ್ತಿರುವವರ ಮುಖವನ್ನು ನೋಡುತ್ತ, ಮಾತಾಡುತ್ತ, ಒಮ್ಮೆಯೂ ಎಡವದೆ ನಡೆದುಬಿಡುತ್ತಿದ್ದ. ಹದಿನಾರನೆಯ ವಯಸ್ಸಿನಿಂದ ಮದುಮಕ್ಕಳ ಮೆರವಣಿಗೆಯ ಮುಂದೆ ಸ್ಯಾಕ್ಸೋಫೋನ್ ಊದುತ್ತ ಬಂದವನು. ಮದುಮಗನಿಗೆ ಬೆನ್ನು ತೋರಿಸಬಾರದೆಂದು ಅವನ ಸೋದರಮಾವ ಮೊದಲ ದಿನವೇ ಹೇಳಿಕೊಟ್ಟಿದ್ದರಂತೆ. ಆ ಪಾಠ ಕಾಲಿಗಿಳಿದು ಅಲ್ಲೇ ಉಳಿದುಬಿಟ್ಟಿತು. ಯಾರೊಂದಿಗಾದರೂ ನಡೆಯುವುದೆಂದರೆ ಅವರ ಎದುರಿಗೆ ತಿರುಗಿ ಹಿಂದೆ ಹಿಂದೆ ಸರಿಯುವುದೇ ಅವನಿಗೆ ಸಹಜ.

ಸೋದರಮಾವನ ಬ್ಯಾಂಡ್‌ಸೆಟ್ ಮುಚ್ಚಿದ ಮೇಲೆ ಉಳಿದದ್ದು ಒಂದು ಕೆಂಪು ಕೋಟು, ಭುಜದ ಮೇಲೆ ಮಾಸಿದ ಜರಿ, ಆರು ಹಿತ್ತಾಳೆ ಗುಂಡಿಗಳಲ್ಲಿ ಐದು; ಆರನೆಯ ಜಾಗದಲ್ಲಿ ಅಂಗಿಯ ಬಿಳಿ ಗುಂಡಿ. ಚಳಿಗಾಲದ ಬೆಳಗಿನ ಪಾಳಿಗೆ ಹೂಡಿಯ ಕಾರ್ಖಾನೆಗೆ ಹೋಗುವಾಗಲೂ ಅದನ್ನೇ ತೊಟ್ಟಿರುತ್ತಿದ್ದ. ಅಲ್ಲಿ ಅವನ ಕೆಲಸ ಗಾಳಿ ಸೋರುವುದನ್ನು ಹಿಡಿಯುವುದು. ಪೈಪಿಗೆ ಹಾಕುವ ವಾಲ್ವ್‌ಗಳಿಗೆ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಏಳುತ್ತದೆಯೇ ನೋಡಬೇಕು. ಇವನು ಮುಳುಗಿಸುವ ಮೊದಲೇ ಕಿವಿಯ ಹತ್ತಿರ ಹಿಡಿದು, "ಸೋರ್ತಾ ಐತೆ, ಪಕ್ಕಕ್ಕಿಡು" ಎನ್ನುತ್ತಿದ್ದನಂತೆ. ಮಾತಾಡುವಾಗ ಅವನ ತುಟಿಯ ಎಡಮೂಲೆಯಲ್ಲಿ ಯಾವಾಗಲೂ ಒಂದು ರೀಡ್ ಇರುತ್ತಿತ್ತು. ವಾದ್ಯದ ಬಾಯಿಗೆ ಕಟ್ಟುವ ಆ ತೆಳ್ಳನೆಯ ಬೆತ್ತದ ಪಟ್ಟಿ ಒದ್ದೆಯಾಗಿರದಿದ್ದರೆ ಸ್ವರ ಹೊರಡುವುದಿಲ್ಲ. ಹೀಗಾಗಿ ಅವನ ಮಾತೆಲ್ಲ ಬಲಗಡೆಯಿಂದ, ಸ್ವಲ್ಪ ಸೊಟ್ಟಗೆ, ಎಲ್ಲಿಗೋ ಹೊರಟವನು ಬಾಗಿಲಲ್ಲಿ ನಿಂತು ಹೇಳಿದ ಹಾಗೆ ಬರುತ್ತಿತ್ತು.

ಅವನು ಕೂತದ್ದನ್ನು ನಾನು ನೋಡಿದ್ದು ಕಡಿಮೆ. ನಮ್ಮ ಮನೆಯ ಹಿಂದಿನ ಸಾಲು ಕೋಣೆಗಳಲ್ಲಿ ಅವನದು ಕೊನೆಯದು. ಸಂಜೆ ನಾನು ಆಂಜನೇಯಸ್ವಾಮಿಗೆ ಹೂ ಕಟ್ಟಲು ಕೂತರೆ ಅವನು ಅಂಗಳದಲ್ಲಿ ಸುತ್ತುತ್ತ ಊದುತ್ತಿದ್ದ.

ಎರಡು ಸಾವಿರದ ಎಂಟರಲ್ಲಿ ಮಹಡಿಯ ಮನೆಯಲ್ಲಿದ್ದ ಸಿದ್ಧಾರ್ಥ್ ಎಂಬ ಸಾಫ್ಟ್‌ವೇರ್ ಹುಡುಗ ಎಲೆಕ್ಟ್ರಾನಿಕ್ ಸಿಟಿಗೆ ಮನೆ ಬದಲಾಯಿಸುವಾಗ ಒಂದು ರಟ್ಟಿನ ಪೆಟ್ಟಿಗೆಯನ್ನು ನನ್ನ ಬಾಗಿಲಲ್ಲಿಟ್ಟ. "ಎಲ್ಲಾ ಕಂಪ್ಯೂಟರ್‌ಗೆ ಹಾಕ್ಕೊಂಡಿದೀನಿ ಆಂಟಿ. ಕೆಳಗೆ ಸ್ಯಾಕ್ಸೋಫೋನ್ ಊದ್ತಾರಲ್ಲ, ಅವ್ರಿಗೆ ಕೊಟ್ಬಿಡಿ." ಒಳಗೆ ಹತ್ತೊಂಬತ್ತು ಸೀಡಿಗಳು. ಅಮೆರಿಕದ ಜಾಝ್ ಸಂಗೀತದ ಆಲ್ಬಮ್‌ಗಳು. ಹೊದಿಕೆಗಳ ಮೇಲೆ ಕಪ್ಪು ಬಿಳುಪಿನ ಗಂಡಸರು, ಕಣ್ಣು ಮುಚ್ಚಿದವರು, ಹಣೆಯ ಮೇಲೆ ಬೆವರಿಟ್ಟವರು, ಕೈಯಲ್ಲಿ ಇವನದೇ ವಾದ್ಯ. ರಾಮಾಂಜಿನಪ್ಪ ಒಂದೊಂದನ್ನೇ ತಿರುಗಿಸಿ ನೋಡಿ ಕೇಳಿದ: "ಇವ್ರೂ ವಾಲಗದೋರಾ ಅಕ್ಕ?"

ಶಾಲೆಯಲ್ಲಿ ಕಲಿಯದ ಇಂಗ್ಲಿಷನ್ನು ನಾನು ನಿಘಂಟು ಹಿಡಿದು ಕೂಡಿಸಿಕೊಂಡವಳು. ಸೀಡಿಯೊಳಗಿನ ಪುಟ್ಟ ಪುಸ್ತಕದ ಸಣ್ಣಕ್ಷರಗಳನ್ನು ಬೆರಳಿಟ್ಟು ಓದಿ, ಯಾರು ಊದಿದರು, ಯಾರು ಡ್ರಮ್ಮು ಬಾರಿಸಿದರು, ಯಾವ ತಾರೀಖಿನಂದು ಯಾವ ಊರಿನಲ್ಲಿ ಎಂದು ಹೇಳಿದೆ. ಇವರು ಮದುವೆಗೆ ಊದುವವರಲ್ಲ ಎಂದೆ.

"ಮತ್ತೆ ಯಾತಕ್ಕೆ ಊದ್ತಾರೆ?"

ಅದಕ್ಕೆ ಪುಸ್ತಕದಲ್ಲೂ ಉತ್ತರವಿರಲಿಲ್ಲ, ನಿಘಂಟಿನಲ್ಲೂ ಇರಲಿಲ್ಲ. ಸೀಡಿ ಹಾಕಿದೆ. ಮೊದಲ ಸ್ವರಕ್ಕೂ ಮೊದಲು ಉಸಿರಿನ ಸಪ್ಪಳ ಬಂತು. ಅವನು ಕೂಡಲೇ ಬಗ್ಗಿ, ಕಾರ್ಖಾನೆಯಲ್ಲಿ ಬಗ್ಗುವ ಹಾಗೆಯೇ, ಸ್ಪೀಕರಿಗೆ ಕಿವಿ ಹಚ್ಚಿದ. "ಅಕ್ಕಾ, ಗಾಳಿ ಸೋರ್ತಾ ಐತೆ." ಹಿಂದಕ್ಕೆ ಹಾಕಿ ಮತ್ತೆ ಕೇಳಿದ. ಮೂರನೆಯ ಸಲ ನೆಟ್ಟಗೆ ನಿಂತು, ಯಾರೋ ತನ್ನ ಮನೆಯ ಗುಟ್ಟನ್ನು ಬೀದಿಯಲ್ಲಿ ಹೇಳಿದರೆಂಬಂತೆ ನನ್ನನ್ನು ನೋಡಿದ. "ಇಲ್ಲ, ಬೇಕಂತ್ಲೇ ಸೋರಿಸ್ತಾವ್ನೆ ಈ ವಯ್ಯ!"

ಅಲ್ಲಿಂದ ಅವನಿಗೆ ನೆಮ್ಮದಿ ಹೋಯಿತು. ಪ್ರತಿದಿನ ಸಂಜೆ ಒಂದು ಸೀಡಿ; ಅವನು ಅಂಗಳ ಸುತ್ತುವನು, ನಾನು ಹೂ ಕಟ್ಟುವೆನು. ಒಂದು ಆಲ್ಬಮಿನ ನಾಲ್ಕನೆಯ ಹಾಡಿನಲ್ಲಿ, ಸ್ವರ ಏರಿ ಏರಿ ಇನ್ನೇನು ತುದಿ ಮುಟ್ಟಬೇಕು ಎನ್ನುವಾಗ, ಆ ವಾದಕ ನಿಲ್ಲಿಸಿಬಿಡುತ್ತಾನೆ. ಡ್ರಮ್ಮೂ ನಿಲ್ಲುತ್ತದೆ. ಏನೂ ಇಲ್ಲ. ಆಮೇಲೆ, ತುದಿಯಲ್ಲ, ತೀರಾ ಕೆಳಗಿನ ಒಂದು ಮೆತ್ತನೆಯ ಸ್ವರ. ಆ ಏನೂ ಇಲ್ಲದ ಜಾಗವನ್ನು ಅವನು ಎಷ್ಟು ಸಲ ಹಾಕಿ ಕೇಳಿದನೋ ಲೆಕ್ಕವಿಲ್ಲ. ದೇವಸ್ಥಾನದ ಗಂಟೆಯ ನಾದ ಪೂರ್ತಿ ಆರುವವರೆಗೆ ಕಣ್ಣು ತೆರೆಯದಿರುವುದು ನನ್ನ ಚಿಕ್ಕಂದಿನ ಅಭ್ಯಾಸ. ಆದ್ದರಿಂದ ಅವನು ಅಲ್ಲಿ ಹುಡುಕುತ್ತಿದ್ದುದು ನನಗೆ ತೀರಾ ಹೊಸದೇನೂ ಆಗಿರಲಿಲ್ಲ.

ಆದರೆ ಅವನ ಕಸುಬಿನಲ್ಲಿ ಆ ಜಾಗಕ್ಕೆ ಎಡೆಯಿರಲಿಲ್ಲ. ಮಾಂಗಲ್ಯ ಕಟ್ಟುವ ಗಳಿಗೆಯಲ್ಲಿ ಸೀನು, ಅಳು, ಕೆಟ್ಟ ಮಾತು ಯಾವುದೂ ಕಿವಿಗೆ ಬೀಳದಿರಲೆಂದೇ ಗಟ್ಟಿಮೇಳ ಇರುವುದು. ಅದರಲ್ಲಿ ಸೂಜಿ ತೂರುವಷ್ಟೂ ಸಂದು ಬಿಡಬಾರದು. ಬ್ಯಾಂಡ್‌ಸೆಟ್ ಮುಚ್ಚಿದ ಮೇಲೆ ಅವನು ಸೇರಿದ ವಾಲಗದ ತಂಡದ ಯಜಮಾನ, ಡೋಲಿನ ಲಕ್ಷ್ಮಣಪ್ಪ, ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಅವರ ತಂಡದ ಇನ್ನೊಂದು ಕಟ್ಟುಪಾಡೆಂದರೆ, ಸ್ಯಾಕ್ಸೋಫೋನ್ ನಿಂತ ಕ್ಷಣ ಡೋಲೂ ನಿಲ್ಲಬೇಕು. ಶುರು ಮಾಡುವುದು, ಮುಗಿಸುವುದು ಎರಡೂ ರಾಮಾಂಜಿನಪ್ಪನ ಕೈಯಲ್ಲಿ.

ಎರಡು ಸಾವಿರದ ಹತ್ತರ ಮೇ ತಿಂಗಳಲ್ಲಿ ಸರ್ಜಾಪುರದ ಛತ್ರದಲ್ಲಿ ನನ್ನ ಚಿಕ್ಕಮ್ಮನ ಮೊಮ್ಮಗಳು ವನಜಾಳ ಮದುವೆ. ತಂಡದವರು ಪಕ್ಕದ ಜಮಖಾನದ ಮೇಲೆ ಕೂತಿದ್ದರೂ ಇವನು ಎಂದಿನಂತೆ ಮಂಟಪದ ಎದುರು, ವಧೂವರರ ಮುಖ ಕಾಣುವ ಹಾಗೆ ನಿಂತಿದ್ದ. ಹೋಮದ ಹೊಗೆ ದಟ್ಟವಾಗಿತ್ತು. ಪುರೋಹಿತರು ಕೈಯೆತ್ತಿದರು, ಮೇಳ ಮೊಳಗಿತು, ಹಿರಿಯರೆಲ್ಲ ತಾಳಿಯ ಗಂಟಿನ ಕಡೆ ಬಗ್ಗಿದರು, ಅಕ್ಷತೆ ಹಾರಿತು. ಸ್ವರ ಏರಿ ಏರಿ ಇನ್ನೇನು ತುದಿ ಮುಟ್ಟಬೇಕು, ಅಲ್ಲಿ ಅವನು ನಿಲ್ಲಿಸಿಬಿಟ್ಟ. ಡೋಲೂ ನಿಂತಿತು. ಇಡೀ ಛತ್ರ ಒಂದು ಉಸಿರಿನಷ್ಟು ಹೊತ್ತು ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ, ಆರುನೂರು ಜನರ ಕಿವಿಗೆ ಬೀಳುವಂತೆ, ಒಂದು ಸೀನು.

"ಯಾರವ್ರು ಸೀನಿದ್ದು?" ಗಂಡಿನ ತಾಯಿ ಸೆಟೆದು ನಿಂತರು. "ತಾಳಿ ಕಟ್ಟೋ ಒತ್ನಲ್ಲಿ ಯಾರವ್ರು?"

ಜನ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ರಾಮಾಂಜಿನಪ್ಪ ಕೈಯೆತ್ತಿದ. "ಯಾರೂ ಸೀನ್ಲಿಲ್ಲ ಅಮ್ಮೋರೇ. ನನ್ ವಾದ್ಯ ಕಿರುಚ್ಕೊಂತು. ರೀಡ್ ಕೈ ಕೊಡ್ತು." ಹೇಳಿದವನೇ ಮತ್ತೆ ಊದಲಾರಂಭಿಸಿದ, ಡೋಲು ಅವನ ಹಿಂದೆ ಬಿತ್ತು, ಮದುವೆ ಮುಂದುವರಿಯಿತು.

ವಾದ್ಯ ಕಿರುಚಿತೆಂದು ಒಪ್ಪಿಕೊಳ್ಳುವುದು ಊದುವವನಿಗೆ ಎಂಥ ಮಾತೆಂದು ಲಕ್ಷ್ಮಣಪ್ಪನಿಗೆ ಗೊತ್ತು. ಛತ್ರದ ಹಿಂಬಾಗಿಲಲ್ಲಿ ಅವರು ಅಂದದ್ದು ನನಗೂ ಕೇಳಿಸಿತು: "ಇಪ್ಪತ್ತು ವರ್ಸ ಒಂದ್ ದಿನಾನೂ ಕಿರುಚದ ವಾದ್ಯ ಮುಹೂರ್ತದಾಗೇ ಕಿರುಚ್ಬೇಕಿತ್ತೇನ್ಲಾ? ಇನ್ಮೇಲ್ ಯಾರ್ ಕರೀತಾರೆ ನಮ್ಮನ್ನ?" ಮುಂದಿನ ಲಗ್ನಕ್ಕೆ ಇವನ ಬದಲಿಗೆ ಮಾದನಾಯಕನಹಳ್ಳಿ ಕಡೆಯ ಇನ್ನೊಬ್ಬ ಬಂದ. ಸುದ್ದಿ ಸರ್ಜಾಪುರದಿಂದ ಕಾಡುಗೋಡಿಗೆ ಬಸ್ಸಿಗಿಂತ ಮೊದಲು ತಲುಪಿತ್ತು. "ಏನ್ ಗುರು, ವಾದ್ಯಕ್ಕೆ ನೆಗಡಿ ವಾಸಿ ಆಯ್ತಾ? ಮಫ್ಲರ್ ಕಟ್ಟು" ಎಂದು ಟೀ ಅಂಗಡಿಯಲ್ಲಿ ನಗುತ್ತಿದ್ದರು. "ಕಷಾಯ ಕುಡ್ಸಿವ್ನಿ, ಆಯ್ತದೆ" ಎಂದು ಅವನೂ ನಗುತ್ತಿದ್ದ.

ನನಗೆ ಮಾತ್ರ ಒಳಗೊಂದು ಅನುಮಾನ. ವರ್ಷಗಟ್ಟಲೆ ಅವನು ಊದುವುದನ್ನು ಕೇಳಿದವಳು ನಾನು. ಹೊಸ ರೀಡ್ ಕಟ್ಟಿದ ದಿನ ಅಭ್ಯಾಸದಲ್ಲಿ ಅದು ಕಿರುಚುವುದನ್ನೂ ಕೇಳಿದ್ದೆ. ಅದು ತಂತಿಯಂಥ ತೆಳು ಸದ್ದು. ಅವತ್ತು ನಾನು ಕೇಳಿದ ಸದ್ದಿಗೆ ಮೂಗಿತ್ತು, ಎದೆಯಿತ್ತು. ಒಮ್ಮೆ ಕೇಳಿಯೇಬಿಟ್ಟೆ. ಅವನು ರೀಡನ್ನು ಬಾಯಿಂದ ತೆಗೆದು ಬೆಳಕಿಗೆ ಹಿಡಿದು ನೋಡಿ, ಮತ್ತೆ ತುಟಿಗಿಟ್ಟುಕೊಂಡು, "ಇವತ್ತು ನಲವತ್ತು ವಾಲ್ವ್ ವಾಪಸ್ ಮಾಡ್ದೆ ಅಕ್ಕ" ಎಂದ.

ಆ ವರ್ಷ ಅವನು ಎಲ್ಲರ ಹಾಗೆ ಮುಂದಕ್ಕೆ ನಡೆಯತೊಡಗಿದ. ಬೇರೆ ಯಾರಿಗೂ ಅದು ಕಾಣಲಿಲ್ಲವೋ ಏನೋ, ನನಗೆ ನೋಡಲಾಗುತ್ತಿರಲಿಲ್ಲ. ಕೆಂಪು ಕೋಟು ಗೂಟದಲ್ಲೇ ಇತ್ತು. ಸಂಜೆ ಅಂಗಳಕ್ಕೆ ಬಂದು, ವಾದ್ಯ ತುಟಿಗಿಟ್ಟು, ಊದದೆ ಇಳಿಸಿ, ಗೇಟಿನವರೆಗೆ ಹೋಗಿ ಬಂದು, ಮತ್ತೆ ತುಟಿಗಿಡುತ್ತಿದ್ದ. ದೀಪ ಹಚ್ಚುವಾಗ ಸ್ವಾಮಿಯನ್ನು ಬೇಡಿಕೊಂಡೆ: ಇವನ ಉಸಿರಿಗೆ ಒಂದು ದಾರಿ ಮಾಡು.

ಮುಂದಿನ ವರ್ಷ ಹಳೆಯ ವಿಳಾಸಕ್ಕೆ ಬಂದಿದ್ದ ಒಂದು ಕಾಗದ ತೆಗೆದುಕೊಳ್ಳಲು ಸಿದ್ಧಾರ್ಥ್ ಬಂದ. ನಡೆದದ್ದನ್ನೆಲ್ಲ ಕೇಳಿ, "ನಿಮ್ದೇ ಒಂದು ಆಲ್ಬಮ್ ಮಾಡೋಣ ಅಂಕಲ್, ನನ್ಹತ್ರ ರೆಕಾರ್ಡರ್ ಇದೆ" ಎಂದ. ರಾಮಾಂಜಿನಪ್ಪ ಮರುಮಾತಾಡದೆ ಒಪ್ಪಿಕೊಂಡ. ಒಂದೇ ಷರತ್ತು, ಸರ್ಜಾಪುರದ ಆ ಛತ್ರವೇ ಆಗಬೇಕು. ಆಷಾಢ ಮಾಸ, ಮದುವೆಗಳಿಲ್ಲ, ಛತ್ರ ಖಾಲಿ. ನೋಡಿಕೊಳ್ಳುವ ಭಾಗ್ಯಮ್ಮ ಬೀಗ ತೆಗೆದು, "ಊದ್ಕೊಳಿ, ಕೇಳೋರು ಪಾರಿವಾಳ ಮಾತ್ರ" ಎಂದಳು.

ಸಿದ್ಧಾರ್ಥ್ ರೆಕಾರ್ಡರನ್ನು ಕುರ್ಚಿಯ ಮೇಲಿಟ್ಟು ಅವನನ್ನು ಎದುರಿಗೆ ನಿಲ್ಲಿಸಿದ. ಆಗಲಿಲ್ಲ. ಎರಡು ಸ್ವರಕ್ಕೆ ಕಾಲು ಕದಲುವುದು, ಸದ್ದು ದೂರವಾಗುವುದು. "ಅಂಕಲ್, ಒಂದ್ ಕಡೆ ನಿಂತ್ಕೊಳಿ ಪ್ಲೀಸ್" ಎಂದು ಅವನು, "ನಿಂತ್ರೆ ಉಸ್ರು ಬರಾಕಿಲ್ಲ ಕಣಪ್ಪ" ಎಂದು ಇವನು. ಮಧ್ಯಾಹ್ನ ಇದರಲ್ಲೇ ಕಳೆಯಿತು. ಕೊನೆಗೆ ನಾನೇ ಎದ್ದು, ಆ ರೆಕಾರ್ಡರನ್ನು ಎರಡೂ ಕೈಯಲ್ಲಿ, ಆರತಿ ತಟ್ಟೆ ಹಿಡಿದ ಹಾಗೆ ಹಿಡಿದು, ಅವನ ಎದುರು ಹೊಸ್ತಿಲಲ್ಲಿ ನಿಂತೆ. ಅವನಿಗೆ ಬೇಕಾದದ್ದು ಅಷ್ಟೇ. ನನ್ನ ಮುಖ ನೋಡುತ್ತ ಹಿಂದಕ್ಕೆ ಹೆಜ್ಜೆಯಿಟ್ಟ, ನಾನು ಮುಂದಕ್ಕೆ. ಬಾಗಿಲಿನಿಂದ ಮಂಟಪದವರೆಗೆ ಹನ್ನೊಂದು ನಿಮಿಷ ನಡೆದೆವು. ಮಂಟಪದ ಬುಡದಲ್ಲಿ, ಸ್ವರ ತುದಿ ಮುಟ್ಟುವ ಮೊದಲು, ಅವನು ನಿಲ್ಲಿಸಿದ. ನಾನೂ ನಿಂತೆ. ಪಾರಿವಾಳಗಳೂ ಸುಮ್ಮನಿದ್ದವು. ಆಮೇಲೆ ಆ ಕೆಳಗಿನ ಮೆತ್ತನೆಯ ಸ್ವರ.

"ಮಧ್ಯೆ ಎಂಟು ಸೆಕೆಂಡ್ ಖಾಲಿ ಇದೆ, ಕಟ್ ಮಾಡ್ಲಾ?" ಎಂದ ಸಿದ್ಧಾರ್ಥ್.

"ಅದಕ್ಕೇ ಬಂದಿದ್ದು ಇಲ್ಲೀಗಂಟ" ಎಂದ ರಾಮಾಂಜಿನಪ್ಪ.

ಮೂವತ್ತು ಪ್ರತಿಗಳಾದವು. ಹೆಸರು ಬೇಡ, ತಾರೀಖು ಹಾಕಿ ಸಾಕು ಎಂದ. ಆದರೆ ಆ ಆಲ್ಬಮ್‌ಗಳಲ್ಲಿದ್ದ ಹಾಗೆ ಸಣ್ಣಕ್ಷರ ಇರಲೇಬೇಕೆಂದು ಹಟ ಹಿಡಿದ. ಊದಿದ್ದು ರಾಮಾಂಜಿನಪ್ಪ, ಎದುರಿಗೆ ನಡೆದದ್ದು ಅಕ್ಕ, ಬೀಗ ತೆಗೆದದ್ದು ಭಾಗ್ಯಮ್ಮ.

ಅದಾಗಿ ಕೆಲವು ತಿಂಗಳಿಗೆ ವನಜಾ ತನ್ನ ಮಗುವಿನ ನಾಮಕರಣಕ್ಕೆ ಕರೆಯಲು ನಮ್ಮ ಮನೆಗೆ ಬಂದಳು. ಕಾಫಿ ಕೊಟ್ಟು ಈ ಸೀಡಿ ಹಾಕಿದೆ, ನಿನ್ನ ಮದುವೆಯ ಛತ್ರದಲ್ಲೇ ಊದಿದ್ದು ಎಂದೆ. ಆ ಎಂಟು ಸೆಕೆಂಡು ಬಂದಾಗ ಲೋಟ ಹಿಡಿದ ಅವಳ ಕೈ ನಿಂತುಹೋಯಿತು.

"ದೊಡ್ಡಮ್ಮ," ಎಂದಳು, "ಅವತ್ತು ಸೀನಿದ್ದು ನಾನು."

ಹೊಗೆಗೆ ಮೂಗು ಕೆರಳಿ ಎಷ್ಟೋ ಹೊತ್ತಿನಿಂದ ಸೀನು ತಡೆದುಕೊಂಡಿದ್ದಳಂತೆ. ಗಟ್ಟಿಮೇಳ ಬಂದಾಗ ಸೀನಿಬಿಟ್ಟರೆ ಯಾರಿಗೂ ಕೇಳುವುದಿಲ್ಲವೆಂದು ಕಾದಿದ್ದಳಂತೆ. "ಸೀನೋದಕ್ಕೂ ಅವ್ರು ನಿಲ್ಸೋದಕ್ಕೂ ಸರಿಹೋಯ್ತು. ಎಲ್ರೂ ತಾಳಿ ನೋಡ್ತಿದ್ರು. ಅವ್ರೊಬ್ರೇ ನನ್ ಮುಖ ನೋಡಿದ್ದು. ನೋಡಿ ಕೈಯೆತ್ಬಿಟ್ರು. ಹೊಸ ಸೊಸೆ, ಬಾಯಿ ಬರ್ಲಿಲ್ಲ ನಂಗೆ. ಆಮೇಲೆ ದಿನ ಕಳೆದಷ್ಟೂ ಹೇಳೋದು ಇನ್ನೂ ಕಷ್ಟ ಆಯ್ತು."

ಅವಳೇ ಎದ್ದು ಹಿಂದಿನ ಕೋಣೆಗೆ ಹೋಗಿ, ನಾಮಕರಣಕ್ಕೆ ನೀವೇ ಊದಬೇಕೆಂದು ಹೇಳಿ ಹೋದಳು.

ನಾಮಕರಣದ ದಿನ ಲಕ್ಷ್ಮಣಪ್ಪನ ತಂಡವೂ ಬಂದಿತ್ತು; ವನಜಾ ಬೇಕೆಂದೇ ಕರೆಸಿದ್ದಳು. ತೊಟ್ಟಿಲ ಪಕ್ಕದಲ್ಲಿ ನಿಂತು, ಎಲ್ಲರೆದುರಿಗೆ, ಕೆನ್ನೆ ಕೆಂಪಾಗಿಸಿಕೊಂಡು ಹೇಳಿಬಿಟ್ಟಳು. ಅತ್ತೆಯ ಮುಖ ಒಂದು ಕ್ಷಣ ಬಿಗಿಯಿತು. ಮೊಮ್ಮಗಳನ್ನು ನೋಡಿದರು, ಸೊಸೆಯನ್ನು ನೋಡಿದರು. "ಸೀನ್ದವ್ಳು ನೀನು, ಎರಡು ವರ್ಸ ನಾನ್ ಬೈಕೊಂಡಿದ್ದು ಆ ವಯ್ಯನ್ನ! ಮೊದ್ಲು ಅವ್ನಿಗೆ ಊಟಕ್ಕಿಕ್ಕು, ಓಗು" ಎಂದರು. ಜನ ನಕ್ಕರು.

ಲಕ್ಷ್ಮಣಪ್ಪ ನಗಲಿಲ್ಲ. "ನನ್ಗಾದ್ರೂ ಒಂದ್ ಮಾತು ಏಳ್ಬಾರ್ದಿತ್ತೇನ್ಲಾ? ನಿನ್ ವಾದ್ಯದ ಮರ್ವಾದೆ ಓಯ್ತಲ್ಲೋ!"

ರಾಮಾಂಜಿನಪ್ಪ ತುಟಿಯ ಮೂಲೆಯಿಂದ ಪಟ್ಟಿಯನ್ನು ತೆಗೆದು ತೋರಿಸಿದ. "ರೀಡ್ ಆದ್ರೆ ಬದಲಾಯಿಸ್ಬೋದು ಕಣಣ್ಣ."

ಈಗ ಅವನು ಮತ್ತೆ ಲಗ್ನಗಳಿಗೆ ಹೋಗುತ್ತಾನೆ. ತಂಡದ ಕಟ್ಟುಪಾಡು ಮಾತ್ರ ಬದಲಾಗಿದೆ. "ನೀನ್ ನಿಲ್ಸಿದ್ರೂ ನಾನ್ ನಿಲ್ಸಾಕಿಲ್ಲ" ಎಂದು ಲಕ್ಷ್ಮಣಪ್ಪ ಆಣೆ ಮಾಡಿದ್ದಾರೆ. ಹೀಗಾಗಿ ಗಟ್ಟಿಮೇಳ ತುಂಬಿಯೇ ಇರುತ್ತದೆ, ಯಾರ ಸೀನೂ ಯಾರಿಗೂ ಕೇಳುವುದಿಲ್ಲ. ಆದರೆ ಡೋಲಿನ ಆ ಆರ್ಭಟದ ಅಡಿಯಲ್ಲಿ, ತಾಳಿ ಕಟ್ಟುವ ಗಳಿಗೆಗೆ, ಅವನು ಒಂದು ಉಸಿರಿನಷ್ಟು ಹೊತ್ತು ಊದುವುದಿಲ್ಲ. ಗೊತ್ತಿರುವವರಿಗೆ ಅದು ಕೇಳಿಸುತ್ತದೆ. ಕೋಟಿನ ಆರನೆಯ ಗುಂಡಿ ಇನ್ನೂ ಬಿಳಿಯದೇ. ಸಂಜೆ ಅಂಗಳದಲ್ಲಿ ಅವನು ಇನ್ನೂ ಕೂರುವುದಿಲ್ಲ.

ಮೆರವಣಿಗೆಯ ಮುಂದೆ ಊದುತ್ತ ಹಿಂದಕ್ಕೆ ನಡೆಯುವವರದು ಒಂದು ಬೇರೆಯೇ ಕುಲ. ತಾವು ಹೋಗುತ್ತಿರುವ ಜಾಗ ಅವರಿಗೆ ಕಾಣುವುದಿಲ್ಲ, ಮದುವೆಯ ಫೋಟೋಗಳಲ್ಲಿ ಅವರ ಮೊಣಕೈಯಷ್ಟೇ ಬಿದ್ದಿರುತ್ತದೆ; ಆದರೆ ನಮ್ಮ ಅತಿ ದೊಡ್ಡ ದಿನದಲ್ಲಿ, ನಾವೆಲ್ಲ ಚಿನ್ನವನ್ನೂ ಗಂಟನ್ನೂ ನೋಡುತ್ತಿರುವಾಗ, ನಮ್ಮ ಮುಖವನ್ನು ನೋಡಿದವರು ಅವರೊಬ್ಬರೇ. ಆ ಹತ್ತೊಂಬತ್ತು ಸೀಡಿಗಳ ಮೇಲೆ ಕಣ್ಣು ಮುಚ್ಚಿಕೊಂಡವರೂ ಹೀಗೆ ಯಾರದೋ ಮುಖವನ್ನು ಕಂಡು, ಹೇಳಲಾರದೆ, ಒಂದು ಕಡೆ ನಿಲ್ಲಲೂ ಆಗದೆ ಊದಿದವರೇ ಇರಬೇಕು. ಯಾತಕ್ಕೆ ಊದುತ್ತಾರೆಂದು ಅವನು ಕೇಳಿದ್ದಕ್ಕೆ ನನ್ನಲ್ಲಿ ಈಗಲೂ ಇಂಗ್ಲಿಷಿನ ಉತ್ತರವಿಲ್ಲ. ನಮಗೆ ಕೇಳಿಸುವುದು ಅವರ ಸ್ವರ. ನಮ್ಮನ್ನು ಕಾಯುವುದು, ನೋಡಿಯೂ ಅವರು ಊದದೆ ಉಳಿಸಿಕೊಂಡದ್ದು.